ಯಾರೋ ತಿದ್ದಿದ ಸುದ್ದಿ

ಬೈಲಹೊಂಗಲದಲ್ಲಿರುವ ನಮ್ಮ ಸುದ್ದಿತಾಣದ ಕಚೇರಿಗೆ ಅವರು ಬಂದಾಗ ಬೆಳಗಿನ ಚಹಾ ಇನ್ನೂ ಬಂದಿರಲಿಲ್ಲ. ರಾಮದುರ್ಗ ಕಡೆಯ ಖಾಸಗಿ ಶಾಲೆಯೊಂದರ ವ್ಯಾನ್ ಓಡಿಸುವವರು. ನಡುವಯಸ್ಸು, ಬಿಳಿ ಟೋಪಿ. ಕೂರಲು ಹೇಳಿದೆ. ಕೂರದೆ ಮೊಬೈಲು ಮುಂದೆ ಹಿಡಿದರು.

"ನಾ ಕುಡದಿದ್ದೆ ಅಂತ ಬರದೀರಲ್ರಿ ಸಾಹೇಬ್ರ. ಸೋಡಾ ಕುಡದ್ರ ತಲಿ ತಿರಗೂ ಮನಷ್ಯಾ ನಾ."

ಅದು ನಮ್ಮದೇ ವರದಿ. ಕಟಕೋಳದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಬ್ರೇಕ್ ಹಿಡಿಯದೆ, ರಸ್ತೆ ಬದಿ ನಿಂತಿದ್ದ ಖಾಲಿ ವ್ಯಾನಿಗೆ ಗುದ್ದಿತ್ತು. ಪೊಲೀಸರನ್ನು ಕೇಳಿ ಖಚಿತಪಡಿಸಿಕೊಂಡು ನಾನೇ ಪ್ರಕಟಿಸಿದ್ದೆ. ಈಗ ತಲೆಬರಹ 'ಕುಡಿದ ಚಾಲಕ: ಶಾಲಾ ವ್ಯಾನ್ ಅಪಘಾತ' ಎಂದಾಗಿತ್ತು.

"ಇದು ನಾವು ಬರದದ್ದಲ್ಲರಿ," ಎಂದೆ.

"ಮತ್ತ ನಿಮ್ಮ ಪೇಪರಿನ್ಯಾಗ ಮಂದಿ ಬಂದು ಬರದು ಹೋಗತಾರೇನ್ರಿ?"

ಅವರನ್ನು ಕೂರಿಸಿ ವಿಚಾರಿಸಿದೆ. ಪಾಲಕರು ಮಕ್ಕಳನ್ನು ವ್ಯಾನಿಗೆ ಹತ್ತಿಸುವುದನ್ನು ನಿಲ್ಲಿಸಿದ್ದರು. ಸೋಮವಾರವೂ ಹೀಗೇ ಆದರೆ ಬೇರೆ ಚಾಲಕನನ್ನು ನೋಡಿಕೊಳ್ಳುತ್ತೇವೆ ಎಂದು ಶಾಲೆಯವರು ಅವರಿಗೆ ಹೇಳಿದ್ದರು.

ಹಳೆಯ ತಲೆಬರಹ ಮತ್ತೆ ಹಾಕಿದೆ. ಪಾಸ್‌ವರ್ಡ್ ಗೊತ್ತಿದ್ದದ್ದು ನನಗೆ ಮತ್ತು ಸವದತ್ತಿಯ ನಮ್ಮ ವರದಿಗಾರನಿಗೆ. ಫೋನ್ ಮಾಡಿದರೆ ಆತ, "ನನ್ನ ಮ್ಯಾಲ ಸಂಶೆ ಏನ್ರಿ ಸರ್?" ಎಂದು ಮುನಿಸಿಕೊಂಡ. ಪಾಸ್‌ವರ್ಡ್ ಬದಲಿಸಿ ಅವನಿಗೂ ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ 'ಕುಡಿದ ಚಾಲಕ' ಮತ್ತೆ ಬಂದು ಕೂತಿದ್ದ.

ನಮ್ಮ ತಾಣದ ತಾಂತ್ರಿಕ ಕೆಲಸ ನೋಡುವ ಧಾರವಾಡದ ಹೆಣ್ಣುಮಗಳು ಸಂಜೆ ಫೋನ್ ಮಾಡಿದಳು. "ಪಾಸ್‌ವರ್ಡ್ ಯಾರೂ ಕದ್ದಿಲ್ಲರಿ. ಕದಿಯೂ ಗರಜೇ ಇರಲಿಲ್ಲ."

ತಲೆಬರಹ ಬೇಗ ತಿದ್ದಲೆಂದು ತಾಣಕ್ಕೆ ಒಂದು ಪ್ಲಗಿನ್, ಅಂದರೆ ಸಣ್ಣ ಹೆಚ್ಚುವರಿ ತಂತ್ರಾಂಶ, ಜೋಡಿಸಿಕೊಂಡಿದ್ದೆವು. ತಿದ್ದುವ ಬಟನ್ ನಮಗೆ ಮಾತ್ರ ಕಾಣುತ್ತಿತ್ತು. ಆದರೆ ಬಟನ್ ಇಲ್ಲದೆಯೂ ತಿದ್ದುವ ಆದೇಶವನ್ನು ತಾಣಕ್ಕೆ ನೇರವಾಗಿ ಕಳಿಸಬಹುದಿತ್ತು. ಕಳಿಸಿದವರು ಲಾಗಿನ್ ಆಗಿದ್ದಾರೆಯೇ ಎಂದಷ್ಟೇ ಆ ಪ್ಲಗಿನ್ ನೋಡುತ್ತಿತ್ತು. ತಿದ್ದುವ ಅಧಿಕಾರ ಅವರಿಗಿದೆಯೇ ಎಂದು ನೋಡುತ್ತಿರಲಿಲ್ಲ. ಪ್ರತಿಕ್ರಿಯೆ ಬರೆಯಲು ಖಾತೆ ತೆರೆದ ಯಾವ ಓದುಗನಾದರೂ ಸಾಕು. ದೋಷ ಸರಿಪಡಿಸಿದ ಆವೃತ್ತಿ ಆಗಲೇ ಬಂದಿತ್ತು. ಹಿಂದೊಮ್ಮೆ ಅಪ್‌ಡೇಟ್ ಮಾಡಿದಾಗ ಒತ್ತಕ್ಷರಗಳೆಲ್ಲ ಒಡೆದು ಹೋಗಿದ್ದರಿಂದ, ಅಪ್‌ಡೇಟ್ ಮುಂದೂಡುವುದು ಕಚೇರಿಯ ರೂಢಿಯಾಗಿತ್ತು.

ಅವಳು ಪ್ಲಗಿನ್ ತೆಗೆದುಹಾಕಿದಳು. ತಿದ್ದಿದ ಖಾತೆ ಸುಳ್ಳು ಹೆಸರಿನದು. ಅದರ ಹಿಂದೆ ಯಾರಿದ್ದರೆಂದು ಇವತ್ತಿಗೂ ತಿಳಿದಿಲ್ಲ. ವರದಿಗಾರನಿಗೆ ಹೊಸ ಪಾಸ್‌ವರ್ಡ್ ಕಳಿಸಿದೆ. ಸ್ಪಷ್ಟೀಕರಣ ಪ್ರಕಟಿಸಿದೆ.

ಮರುದಿನ ಚಾಲಕರ ಫೋನ್ ಬಂತು. "ನಿಮ್ಮಲ್ಲಿ ಅಳಿಸಿದ್ರಿ. ಮಂದಿ ಅದರ ಫೋಟೋ ತಕ್ಕೊಂಡು ವಾಟ್ಸಾಪಿನ್ಯಾಗ ಹಾಕ್ಯಾರ. ಅದನ್ನ ಯಾರು ಅಳಸೋರು? ನೀವ ಬಂದು ಹೇಳ್ರಿ."

ಸೋಮವಾರ ಬೆಳಿಗ್ಗೆ ಕಟಕೋಳಕ್ಕೆ ಹೋದೆ. ವ್ಯಾನ್ ನಿಲ್ಲುವ ಜಾಗದಲ್ಲಿ ಪಾಲಕರು ಮಕ್ಕಳೊಂದಿಗೆ ನಿಂತಿದ್ದರು. ನಡೆದದ್ದನ್ನು ಹೇಳಿದೆ. ಮೊಮ್ಮಗಳ ಕೈ ಹಿಡಿದಿದ್ದ ಅಜ್ಜಿಯೊಬ್ಬರು ಪೂರ್ತಿ ಕೇಳಿಸಿಕೊಂಡರು.

"ಅಂದ್ರ, ಯಾರ ಬೇಕಾದ್ರೂ ತಿದ್ದಬಹುದಿತ್ತೇನೋ ತಮ್ಮಾ?"

"ಹೌದ್ರಿ ಅಮ್ಮಾ."

"ನಮ್ಮ ದನದ ಕೊಟ್ಟಿಗಿಗೂ ಚಿಲಕ ಐತಿ. ಹಂಗಾದ್ರ ಮೊದಲಿಂದು ಖರೆ, ಆಮ್ಯಾಲಿಂದು ಸುಳ್ಳ ಅಂತ ಹೆಂಗ ನಂಬೂನು?"

"ಪೊಲೀಸರನ್ನ ಕೇಳ್ರಿ."

"ಕೇಳತೇವಿ. ಅಲ್ಲೀತನಕ ಈಕಿನ್ನ ನಾನ ನಡಿಸಿಕೊಂಡು ಹೋಗತೇನಿ."

ಒಬ್ಬ ತಂದೆ ಮಾತ್ರ ತನ್ನ ಇಬ್ಬರು ಮಕ್ಕಳನ್ನು ವ್ಯಾನಿಗೆ ಹತ್ತಿಸಿದ. ಚಾಲಕರು ಉಳಿದವರನ್ನು ಕರೆಯಲಿಲ್ಲ. ಬಾಗಿಲು ಹಾಕಿ, ಅಜ್ಜಿ ನಡೆಯುತ್ತಿದ್ದ ಬದಿಯಿಂದ ವ್ಯಾನನ್ನು ದೂರ ಸರಿಸಿ, ನಿಧಾನವಾಗಿ ಹೊರಟರು.

ಶಾಲೆಯವರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಊರಿನ ಮಾರ್ಗಕ್ಕೆ ಹಾಕಿದರು. ಆ ಊರಿನವರ ಫೋನುಗಳಿಗೆ ಆ ಫೋಟೋ ತಲುಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.