ಸೀರೆಯ ಒತ್ತಿನಡಿ ಹೋದ ಸಮಾಜ ಪಾಠ

ಕುರುಡರ ಸಮಾರಂಭಗಳಲ್ಲಿ ಮಾಡುವ ಭಾಷಣ ಒಂದೇ. ನನ್ನ ಪ್ರಾಯದಲ್ಲೂ ಅದೇ ಇತ್ತು. ಬೆರಳ ಕೆಳಗೆ ಚುಕ್ಕೆಗಳು ತಾವಾಗಿ ಏಳುವ, ಇಳಿಯುವ ಯಂತ್ರ ಬಂದಿರುವ ಈ ಕಾಲದಲ್ಲೂ ಅದೇ ಇದೆ. ಕಣ್ಣು, ಕಿವಿ ಎರಡೂ ಇಲ್ಲದೆ ಕಾಲೇಜು ಓದಿದ ಅಮೆರಿಕದ ಹೆಣ್ಣುಮಗಳು ಮೊದಲು ಬರುತ್ತಾಳೆ. ಆಮೇಲೆ, ಹುಡುಗನಾಗಿದ್ದಾಗಲೇ ಚುಕ್ಕೆ ಲಿಪಿ ಕಟ್ಟಿದ ಫ್ರಾನ್ಸಿನ ಕುರುಡ. ಕೊನೆಗೆ, ವೇದಿಕೆಯ ಮೇಲೆ ಕೂತಿರುವ ಕುರುಡ ಮೇಷ್ಟ್ರು, ಅಂದರೆ ನಾನು. ಮೂವರನ್ನೂ ಒಂದೇ ಹಾರದಲ್ಲಿ ಪೋಣಿಸಿ ಭಾಷಣಕಾರ ಚಹಾಕ್ಕೆ ಹೋಗುತ್ತಾನೆ. ಆ ಹೆಣ್ಣುಮಗಳು ಓದಲೆಂದು ಚುಕ್ಕೆಯಲ್ಲಿ ಪುಸ್ತಕ ಬರೆದುಕೊಟ್ಟವರು ಯಾರು ಎಂದು ಒಬ್ಬನೂ ಕೇಳಿದ್ದಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಾಗಲಕೋಟೆಯಲ್ಲಿದ್ದೆ. ವಸತಿಶಾಲೆಯಲ್ಲಿ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವನು. ಶನಿವಾರದ ಮೊದಲ ಬಸ್ಸು ತಪ್ಪಿಸಿದವನಲ್ಲ. ಹುನಗುಂದದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಇಳಕಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ನೇಕಾರನೊಬ್ಬನ ಕುರುಡು ಮಗಳು ಎಸ್ಸೆಸ್ಸೆಲ್ಸಿಗೆ ಕೂತಿದ್ದಳು; ಅವಳಿಗೆ ಪಾಠ ಹೇಳುವುದು ನನ್ನ ಕೆಲಸ. ಪಾಸಾದರೆ ಮುಂದೆ ಓದಲಿ, ಇಲ್ಲದಿದ್ದರೆ ಮಗ್ಗದ ಪಕ್ಕ ಕೂತು ನೂಲು ಸುತ್ತಲಿ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದ. ಸಮಾಜ ಪಾಠದ ಪುಸ್ತಕ ಬ್ರೈಲಿನಲ್ಲಿ ಎಲ್ಲೂ ಸಿಗಲಿಲ್ಲ. ನನ್ನ ಹೆಂಡತಿ ಓದಿ ಹೇಳಿದಳು. ನಾನು ಸಾಲುಸಾಲು ಕಿಂಡಿಗಳಿರುವ ಬ್ರೈಲ್ ಪಟ್ಟಿಯ ಕೆಳಗೆ ದಪ್ಪ ಹಾಳೆ ಇಟ್ಟು, ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕೆ ಚುಚ್ಚಿ ಇಡೀ ಪುಸ್ತಕ ಬರೆದೆ.

ಅಷ್ಟರಲ್ಲಿ ಊರಿನ ಸೀರೆ ಸಾವಕಾರರೊಬ್ಬರು ಹುಡುಗಿಗೆಂದು ಮುಂಬಯಿಯಿಂದ ಆರು ಕೀಲಿಯ ಬ್ರೈಲ್ ಟೈಪ್‌ರೈಟರ್ ತರಿಸಿದರು. ಕೊಟ್ಟು ಸುಮ್ಮನಿರಬಹುದಿತ್ತು. ಸಮಾರಂಭ ಬೇಕಾಯಿತು. ನನ್ನ ಪುಸ್ತಕವನ್ನೂ ವೇದಿಕೆಯಲ್ಲೇ ಕೊಡೋಣ, ಹುಡುಗಿ ಓದಿ ತೋರಿಸಲಿ ಎಂದು, ರಟ್ಟು ಹಾಕಿಸಲು ಹಾಳೆಗಳನ್ನು ಒಯ್ದರು. ಅವರ ಅಂಗಡಿಯಲ್ಲಿ ಮಡಿಸಿದ ಸೀರೆಗಳನ್ನು ಎರಡು ಹಲಗೆಗಳ ನಡುವೆ ಇಟ್ಟು ತಿರುಪು ಬಿಗಿಯುವ ಒತ್ತು ಇತ್ತು. ಅದರಿಂದ ಹೊರಬಂದ ಸೀರೆಯಲ್ಲಿ ಸುಕ್ಕು ಉಳಿಯುವುದಿಲ್ಲವೆಂಬುದು ಅವರ ಹೆಮ್ಮೆ. ಚುಕ್ಕೆಗಳಿಂದ ಉಬ್ಬಿಕೊಂಡಿದ್ದ ನನ್ನ ಹಾಳೆಗಳು ಅವರ ಕಣ್ಣಿಗೆ ಅಂದಗೆಟ್ಟು ಕಂಡವು. ನೀರು ಚಿಮುಕಿಸಿ ಒತ್ತಿಗೆ ಹಾಕಿಸಿದರು. ಇದು ನಮಗೆ ಗೊತ್ತಾದದ್ದು ವೇದಿಕೆಯ ಮೇಲೆ.

ಬಾದಾಮಿಯಿಂದ ಬಂದಿದ್ದ ಪ್ರಾಧ್ಯಾಪಕರು ಅಮೆರಿಕದ ಹೆಣ್ಣುಮಗಳನ್ನು ದಣಿಯುವಷ್ಟು ಹೊಗಳಿ ಹುಡುಗಿಯನ್ನು ಓದಲು ಕರೆದರು. ಅವಳ ಬೆರಳು ಹಾಳೆಯ ಮೇಲೆ ಆ ತುದಿಯಿಂದ ಈ ತುದಿಗೆ ಸರಿದಾಡಿತು. ಅದನ್ನೇ ಓದುವುದೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಅವಳ ಬಾಯಿಂದ ಇನ್ನೂ ಒಂದು ಅಕ್ಷರ ಹೊರಟಿರಲಿಲ್ಲ.

"ಸಾವಕಾರ್ರ, ಇದನ್ನ ಏನ್ ಮಾಡೀರಿ?" ಎಂದಳು.

"ಒತ್ತಿಗೆ ಹಾಕಿಸೇನವಾ. ಒಂದರ ಸುಕ್ಕ ಐತೇನು ನೋಡು."

"ಚೆಂದ ಆಗೇತ್ರಿ. ಉಡಾಕ ಬರ್ತೈತಿ, ಓದಾಕ ಬರಂಗಿಲ್ಲ."

ನಾನು ಎದ್ದು ಹಾಳೆ ಮುಟ್ಟಿ ನೋಡಿದೆ. ಹೆಂಡತಿಯ ಗಂಟಲು, ನನ್ನ ಬೆರಳು ಸವೆದ ಅಷ್ಟೂ ಕೆಲಸ ಮಗುವಿನ ಕೆನ್ನೆಯಷ್ಟು ನುಣ್ಣಗಾಗಿತ್ತು. ಪ್ರಾಧ್ಯಾಪಕರು ಮೈಕು ಬಿಡದೆ, ಧೈರ್ಯಗೆಡಬಾರದು, ಆ ಮಹಾತಾಯಿ ಎಂದಾದರೂ ಎದೆಗುಂದಿದ್ದಳೇ ಎಂದು ಮತ್ತೆ ಶುರುಮಾಡಿದರು.

"ಆಕಿ ಪುಸ್ತಕಾ ಯಾರೂ ಒತ್ತಿಗೆ ಹಾಕಿರ್ಲಿಲ್ರಿ ಸರ," ಎಂದಳು ಹುಡುಗಿ.

ಪರೀಕ್ಷೆ ಹತ್ತಿರವಿತ್ತು. ಕಡ್ಡಿಯಿಂದ ಮತ್ತೆ ಚುಚ್ಚುತ್ತ ಕೂತರೆ ಪುಸ್ತಕ ಮುಗಿಯುವಂತಿರಲಿಲ್ಲ. ಯಂತ್ರದಲ್ಲಿ ಬರೆದರೆ ಮುಗಿಯುತ್ತಿತ್ತು. ಆದರೆ ಸಾವಕಾರರ ಲೆಕ್ಕವೇ ಬೇರೆ. ಬಂದುಹೋಗುವ ದೊಡ್ಡವರು ನೋಡಲೆಂದು ಯಂತ್ರವನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿಡುವುದು, ಹುಡುಗಿ ಬೇಕಾದಾಗ ಅಲ್ಲಿಗೇ ಬಂದು ಮುಟ್ಟಿಹೋಗುವುದು. ಇದನ್ನು ಅವರು ಉದಾರವಾಗಿಯೇ ಹೇಳಿದರು. ಹುಡುಗಿ ಮೇಜು ತಡವಿ, ಹೂವಿನ ಹಾರದ ಸಮೇತ ಯಂತ್ರ ಎತ್ತಿ ಮಡಿಲಲ್ಲಿಟ್ಟುಕೊಂಡು ವೇದಿಕೆಯ ಮೇಲೇ ಕೂತಳು.

"ಪರೀಕ್ಷಾ ನನ್ನದೈತ್ರಿ, ಕಪಾಟಿಂದಲ್ಲ," ಎಂದಳು.

ತುಂಬಿದ ಸಭೆಯಲ್ಲಿ ಕುರುಡು ಹುಡುಗಿಯ ಮಡಿಲಿಂದ ದಾನ ಕಿತ್ತುಕೊಳ್ಳುವುದು ಹೇಗೆ? ಸಾವಕಾರರು ನಕ್ಕಂತೆ ಮಾಡಿದರು. ಮರುದಿನದಿಂದ ನನ್ನ ಹೆಂಡತಿ ನೇಕಾರನ ಮನೆಯಲ್ಲೇ ಉಳಿದು ಓದಿ ಹೇಳಿದಳು. ಹುಡುಗಿ ತಾನೇ ಕೀಲಿ ಒತ್ತಿ ಪುಸ್ತಕ ಬರೆದುಕೊಂಡಳು. ಬರೆಯುತ್ತಲೇ ಅರ್ಧ ಪಾಠ ಬಾಯಿಗೆ ಬಂದಿತ್ತು.

ಪಾಸಾದಳು. ಕಾಲೇಜಿಗೆ ಸೇರಿಸಲು ಬಾಗಲಕೋಟೆಗೆ ಅಪ್ಪನೇ ಕರೆತಂದ. ಯಂತ್ರವೂ ಜೊತೆಗೆ ಬಂದಿತ್ತು. ಪರೀಕ್ಷೆ ಮುಗಿಯಿತಲ್ಲ, ಕಪಾಟು ಖಾಲಿಯಿದೆ ಎಂದು ಸಾವಕಾರರು ಅವನ ಕೈಯಲ್ಲಿ ಹೇಳಿಕಳಿಸಿದ್ದರು. ಖಾಲಿಯೇ ಇರಲಿ ಎಂದೆ.