ವಿಲ್ಮಿನಮ್ಮನ ಸರಪಳಿ
ಮಿಶಿಗನ್ನಿನ ನಮ್ಮ ಪುಟ್ಟ ಊರಿನಲ್ಲಿ ಯಾರ ಮೈ ಬಿಸಿಯಾದರೂ ಡಾಕ್ಟರಿಗಿಂತ ಮೊದಲು ತಿಳಿಯುವುದು ವಿಲ್ಮಿನಮ್ಮನಿಗೆ. ಕಷ್ಟದಲ್ಲಿರುವವರಿಗಾಗಿ ಪ್ರಾರ್ಥಿಸಿರೆಂದು ಒಬ್ಬರಿಂದೊಬ್ಬರಿಗೆ ಫೋನಿನಲ್ಲಿ ದಾಟಿಸುವ ಚರ್ಚಿನ ಪ್ರಾರ್ಥನಾ ಸರಪಳಿಗೆ ಅವರೇ ಮೊದಲ ಕೊಂಡಿ. ಸುದ್ದಿ ಎಲ್ಲಿ ತಮ್ಮನ್ನು ದಾಟಿ ಹೋದೀತೋ ಎಂಬ ದಿಗಿಲಿಗೆ ಸ್ನಾನದಲ್ಲಿದ್ದರೂ ಕಿವಿಯೆಲ್ಲ ಫೋನಿನ ಮೇಲೆ. ಒಲೆಯ ಮೇಲೆ ಬಟಾಣಿ ಸೂಪು ತಳ ಹಿಡಿದರೂ ಸರಿ, “ಗೆರಿಟ್ ಜಾರಿ ಬಿದ್ದು ಕಾಲು ಮುರ್ಕೊಂಡನಂತೆ ಕಣೇ, ಪ್ರಾರ್ಥನೆ ಮಾಡು, ಮುಂದಿನವರಿಗೂ ಹೇಳು” ಎಂದರೆ ಮುಗಿಯಿತು, ಊರಿಗೆ ಊರೇ ಮೊಣಕಾಲೂರುತ್ತದೆ. ಗೆರಿಟನ ಬಾಗಿಲ ಮುಂದಿನ ಹಿಮವನ್ನು ಮಾತ್ರ ಯಾರೂ ತೆಗೆಯುವುದಿಲ್ಲ. ಅವನ ಹೆಂಡತಿ ಗೊಣಗಿದ್ದಕ್ಕೆ, “ಸಲಿಕೆ ಹಿಡಿದ ಕೈ ಜೋಡಿಸೋದು ಹೇಗಮ್ಮ?” ಎಂದು ವಿಲ್ಮಿನಮ್ಮ ಬಾಯಿ ಮುಚ್ಚಿಸಿದ್ದರು. ಕೆಲಸ ಮಾಡಬಾರದ ದೇವರ ದಿನ ಭಾನುವಾರ ಬಟ್ಟೆ ಒಣಹಾಕಿದವಳ ಹೆಸರೂ ಅದೇ ಸರಪಳಿಯಲ್ಲಿ ಹರಿಯುತ್ತದೆ, ಅವಳ ಆತ್ಮದ ಒಳಿತಿಗಾಗಿ. ಈ ಬೆಳಿಗ್ಗೆ ಗಂಡ ಹೆಂಕ್ ಎದೆ ಹಿಡಿದುಕೊಂಡು ಕುಸಿದರು. ಹಿಮ ಸುರಿಯುತ್ತಿದೆ, ಆಂಬುಲೆನ್ಸ್ ತಡವಂತೆ. ವಿಲ್ಮಿನಮ್ಮನಿಗೆ ಕಾರು ಓಡಿಸಲು ಬಾರದು. ಗೆಳತಿಗೆ ಫೋನು ಮಾಡಿ, “ಹೆಂಕ್‌ಗೆ ಉಸಿರೇ ಸಿಗ್ತಿಲ್ಲ ಕಣೇ, ಪ್ರಾರ್ಥನೆ ಮಾಡು, ಮುಂದಿನವರಿಗೂ ಹೇಳು” ಎಂದು ಅಭ್ಯಾಸಬಲದಿಂದ ಇಟ್ಟೇಬಿಟ್ಟರು. ಕಾರು ಕೇಳಬೇಕಿತ್ತೆಂಬುದು ಆಮೇಲೆ ಹೊಳೆಯಿತು. ಮತ್ತೆ ತಿರುಗಿಸಿದರು, ಎಂಗೇಜ್. ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ಮಾಡಿದರು. ಎಲ್ಲೆಲ್ಲೂ ಎಂಗೇಜ್. ಊರಿಡೀ ಹೆಂಕ್‌ಗಾಗಿ ಪ್ರಾರ್ಥಿಸಿರೆಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು.