ಕ್ಲಚ್ ಅಕ್ಕನ ಬೀದಿ

ಆ ಊರಿನ ಹೆಂಗಸರಿಗೆ ಕಾರು ಓಡಿಸಲು ಕಲಿಸಿದ ಮೊದಲ ಹೆಂಗಸು ಅವಳೇ. ಪಾಠದ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಗೆ ಬೇರೆಯಾಗಿ ಜೋಡಿಸಿದ್ದ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, "ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಹಾಗಾಗಿ ಜನ ಅವಳಿಗೆ ಕ್ಲಚ್ ಅಕ್ಕ ಎಂದೇ ಹೆಸರಿಟ್ಟರು. ಅವಳಿಗೂ ಆ ಹೆಸರು ಒಗ್ಗಿಹೋಗಿತ್ತು. ಗಾಡಿ ಜಗ್ಗಿ ನಿಂತಾಗ ಯಾರಾದರೂ ಗೇರನ್ನು ದೂರಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೇರು ನೆಟ್ಟಗೇ ಇದೆ, ಇನ್ನೊಂದ್ಸಲ ಹಾಕಮ್ಮ" ಎನ್ನುತ್ತಿದ್ದಳು. ಬೈಸಿಕೊಂಡವರೂ ನಗುತ್ತಲೇ ಕಲಿಯುತ್ತಿದ್ದರು.

ಅವಳ ಗಂಡ ದರ್ಜಿ. ಮನೆಯ ಕೆಳಗೆ, ಬೀದಿಗೆ ತೆರೆದ ಒಂದೇ ಕೋಣೆಯ ಅಂಗಡಿ. ಬೆಳಕಿಗಾಗಿ ಹೊಲಿಗೆ ಯಂತ್ರವನ್ನು ಬಾಗಿಲಿಗೇ ಹಾಕಿಕೊಂಡು ಕೂರುತ್ತಿದ್ದ. ಬೀದಿಯಲ್ಲಿ ಯಾರೇ ಹೋದರೂ ಅವನ ಮೂಗಿನ ಮುಂದೆಯೇ ಹೋಗಬೇಕು. ಮಾತು ಕಡಿಮೆ, ಆಡಿದರೆ ಒಂದು ಚಟಾಕಿ. ಅವನಿಗೂ ಕಲಿಸಿಯೇ ತೀರುತ್ತೇನೆಂದು ಅವಳು ಒಮ್ಮೆ ಸ್ಟಿಯರಿಂಗ್ ಮುಂದೆ ಕೂರಿಸಿದ್ದಳು. ಅವನು ಕಾರನ್ನು ಸೀದಾ ಹಾಲಿನ ಅಂಗಡಿಯ ಮೆಟ್ಟಿಲು ಹತ್ತಿಸಿ, "ಸೂಜಿ ಕಣ್ಣಲ್ಲಿ ದಾರ ತೂರಿಸೋನು ನಾನು, ಇಷ್ಟಗಲದ ರಸ್ತೆ ನನಗ್ಯಾಕೆ?" ಎಂದು ಇಳಿದು ನಡೆದೇ ಮನೆಗೆ ಬಂದಿದ್ದ.

ಮಕ್ಕಳಾಗಲಿಲ್ಲ. ಅದರ ಕೊರಗು ಇಬ್ಬರಿಗೂ ಇತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳಿಕೊಂಡವರಲ್ಲ. ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತಾಗ ಯಾವುದಾದರೂ ಕಾರು ಹಾರ್ನ್ ಹೊಡೆದು ಕೈಬೀಸಿ ಹೋದರೆ, "ನಮ್ಮ ಹುಡುಗಿ ರೀ. ಸ್ಟಿಯರಿಂಗ್ ಹಿಡಿದ ಮೊದಲ ದಿನ ಅತ್ತಿದ್ದಳು, ಈಗ ನೋಡಿ!" ಎನ್ನುತ್ತಿದ್ದಳು. ಗಂಡನ ಹಂಗಿಲ್ಲದೆ ಆಸ್ಪತ್ರೆಗೆ ಹೋಗಿಬರುವವರು, ಕೆಲಸಕ್ಕೆ ಹೋಗುವವರು, ಮುದಿತಾಯಿಯನ್ನು ಸುತ್ತಾಡಿಸಿಕೊಂಡು ಬರುವವರು, ಎಲ್ಲರೂ ಅವಳ ಕೈಯಲ್ಲಿ ಪಳಗಿದವರು. ಆ ಹೆಮ್ಮೆ ಸುಳ್ಳಲ್ಲ.

ವರ್ಷಗಳು ಕಳೆದಂತೆ ಮನೆಗೊಂದಿದ್ದ ಕಾರು ಎರಡಾಯಿತು, ಕೆಲವು ಮನೆಗಳಲ್ಲಿ ಆಳಿಗೊಂದಾಯಿತು. ತರಕಾರಿ ತರಲು ಬೀದಿಯ ಆ ತುದಿಗೂ ಕಾರೇ. ನಿಲ್ಲಿಸಲು ಜಾಗ ಸಾಲದೆ ಜಗಳಗಳಾದವು. ಕೊನೆಗೆ ರಸ್ತೆ ಅಗಲ ಮಾಡುವ ಮಾತು ಬಂತು. ಅಗಲ ಮಾಡಬೇಕೆಂದರೆ ಎರಡೂ ಬದಿಯ ಮರಗಳು ಹೋಗಬೇಕು. ಬೀದಿಯವರೆಲ್ಲ ಸೇರಿದ ಸಭೆಯಲ್ಲಿ ಕ್ಲಚ್ ಅಕ್ಕ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದಳು. "ನನ್ನ ಹುಡುಗಿಯರಿಗೆ ಗಾಡಿ ತಿರುಗಿಸೋಕೆ ಜಾಗ ಇಲ್ಲ. ಮರ ಇನ್ನೊಂದು ಕಡೆ ನೆಟ್ಟರೆ ಆಯ್ತಪ್ಪ, ಅದೇನು ಓಡಿಹೋಗುತ್ತಾ?" ಜನ ಚಪ್ಪಾಳೆ ತಟ್ಟಿದರು.

ಅಂಗಡಿಯ ಮುಂದಿನ ಮರ ಬಿದ್ದ ದಿನ ದರ್ಜಿ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು, ಬುಡದ ಹತ್ತಿರ ನಿಂತು, ಮತ್ತೆ ಒಳಗೆ ಹೋಗಿ ಕೂತ. ಆ ಬೇಸಿಗೆಯಿಂದ ಬಿಸಿಲು ನೇರ ಅವನ ಹಣೆಗೆ ಬಡಿಯತೊಡಗಿತು. ಮೊದಲು ಮರದಾಚೆ ಹೋಗುತ್ತಿದ್ದ ಗಾಡಿಗಳು ಈಗ ಮೆಟ್ಟಿಲನ್ನು ಸವರಿಕೊಂಡು ಹೋಗತೊಡಗಿದವು. ಇನ್ನೊಂದು ಕಡೆ ಯಾರೂ ಏನನ್ನೂ ನೆಡಲಿಲ್ಲ.

ಬಿಳಿ ಬಟ್ಟೆ ಹೊಲಿಯುವುದು ಕಷ್ಟವಾಯಿತು. ಬೆಳಗ್ಗೆ ಹರವಿದ ಬಟ್ಟೆಯ ಮೇಲೆ ಮಧ್ಯಾಹ್ನಕ್ಕೆ ಬೆರಳಿಟ್ಟು ಎಳೆದರೆ ಗೆರೆ ಮೂಡುತ್ತಿತ್ತು. ಕೈತೊಳೆದು ಹೊಲಿಯುತ್ತಿದ್ದವನು ಯಂತ್ರವನ್ನೂ ಒರೆಸಿಕೊಂಡು ಹೊಲಿಯತೊಡಗಿದ. ಆಮೇಲೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ.

"ನೀನು ಕಲಿಸಿ ಬೀದಿಗೆ ಬಿಡ್ತೀಯ, ನಾನು ಕೂತು ಉಸಿರಾಡ್ತೀನಿ. ಒಳ್ಳೆ ಜೋಡಿ ಕಣೇ ನಮ್ಮದು" ಎಂದ ಒಂದು ದಿನ.

ಅವಳು ನಕ್ಕಳು. ಅದು ಅವನ ಎಂದಿನ ಚಟಾಕಿಯಂತೆಯೇ ಇತ್ತು.

ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

"ಸಿಗರೇಟು ಎಷ್ಟು ವರ್ಷದಿಂದ ಸೇದ್ತೀರಿ?"

"ಒಂದು ದಿನಾನೂ ಸೇದಿಲ್ಲ ಡಾಕ್ಟ್ರೇ."

"ಸುಳ್ಳು ಹೇಳಬೇಡಿ, ಎದೆ ಬೇರೇನೇ ಹೇಳ್ತಿದೆ."

"ಇವರು ವೀಳ್ಯದೆಲೆ ಕೂಡ ಮುಟ್ಟಿದವರಲ್ಲ" ಎಂದಳು ಅವಳು ಸಿಟ್ಟಿನಿಂದ.

ಡಾಕ್ಟರು ಅವನ ಕೈಬೆರಳುಗಳನ್ನು, ಸೂಜಿ ಚುಚ್ಚಿ ಗಟ್ಟಿಯಾದ ತುದಿಗಳನ್ನು ನೋಡಿದರು. "ಎಲ್ಲಿ ಕೂತು ಕೆಲಸ ಮಾಡ್ತೀರಿ?"

ಅವನು ಬೀದಿಯ ಹೆಸರು ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ಬೀದಿಯಿಂದ ನನ್ನ ಹತ್ತಿರ ಬರೋರು ಈಚೆಗೆ ಬಹಳ ಆಗಿದ್ದಾರೆ. ರಸ್ತೆಯಿಂದ ದೂರ ಕೂತ್ಕೊಳ್ಳಿ. ನನ್ನ ಔಷಧಿಗಿಂತ ಅದು ಮುಖ್ಯ."

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ಅವಳೇ. ಕಿಟಕಿ ಏರಿಸಿದಳು, ಸೆಕೆಯೆಂದು ಇಳಿಸಿದಳು, ಮತ್ತೆ ಏರಿಸಿದಳು. ಅವನು ಪಕ್ಕದಲ್ಲಿ ಕಣ್ಣುಮುಚ್ಚಿ ಕೂತಿದ್ದ.

ಯಂತ್ರವನ್ನು ಮೇಲೆ ಮನೆಯ ಹಿಂದಿನ ಕೋಣೆಗೆ ಸಾಗಿಸಿದರು. ಅಲ್ಲಿ ಬೆಳಕಿರಲಿಲ್ಲ. ಕಪ್ಪು ಬಟ್ಟೆಗೆ ಕಪ್ಪು ದಾರ ಕಾಣದೆ ಅವನು ಕಣ್ಣು ಕಿರಿದುಮಾಡಿ ಹೊಲಿದ. ಗಿರಾಕಿಗಳು ಮುಚ್ಚಿದ ಬಾಗಿಲು ನೋಡಿ ಅಂಗಡಿ ಎತ್ತಿದರೆಂದು ಹೊರಟುಹೋದರು. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ಬೀದಿ ಕಾಣುತ್ತಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಯಂತ್ರ ಮತ್ತೆ ಬಾಗಿಲಿಗೆ ಬಂತು.

"ಬೇಡ ರೀ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅವಳು ಅತ್ತಳು.

"ಒಳಗೆ ಕೂತು ನೂರು ವರ್ಷ ಬದುಕಿ ಏನು ಮಾಡಲಿ ಹೇಳು" ಎಂದ.

ಅವಳು ಊರಾಚೆ ಮನೆ ಹುಡುಕಿದಳು. ಹೋದಲ್ಲೆಲ್ಲ ಇನ್ನೊಂದು ಅಗಲವಾದ ರಸ್ತೆ, ಅದರ ಪಕ್ಕದಲ್ಲೇ ಹೊಸ ಮನೆಗಳು. ಪಾಠ ಮಾತ್ರ ನಿಲ್ಲಿಸಲಿಲ್ಲ. ಕಲಿಸುವಾಗ ಮುಂದಿನ ಗಾಡಿಯ ಹೊಗೆಕೊಳವೆಯ ಮೇಲೇ ಕಣ್ಣು ನೆಟ್ಟು ಕೂರುತ್ತಿದ್ದಳು. "ಅಕ್ಕ, ಕ್ಲಚ್ಚಾ?" ಎಂದು ಕಲಿಯುವವರೇ ನೆನಪಿಸಬೇಕಾಯಿತು.

ಚಳಿ ಹತ್ತಿ, ಹೊಗೆ ಮೇಲೇರದೆ ಬೀದಿಯಲ್ಲೇ ಮಂಜಿನಂತೆ ಕೂತ ಒಂದು ಬೆಳಗ್ಗೆ ದರ್ಜಿ ಅಂಗಿಯ ತೋಳೊಂದನ್ನು ಅರ್ಧ ಹೊಲಿದು, ಉಸಿರು ಸಿಗದೆ ಯಂತ್ರದ ಮೇಲೆ ತಲೆಯಿಟ್ಟ. ಅವಳು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುದ್ದಿ ಹಬ್ಬಿತು. ಅವಳು ಕಲಿಸಿದ ಹೆಂಗಸರೆಲ್ಲ ಬಂದರು. ಕೆಲಸ ಬಿಟ್ಟು, ಮಕ್ಕಳನ್ನು ಯಾರಿಗೋ ಒಪ್ಪಿಸಿ, ಅಳುತ್ತಾ ಬಂದರು. ಎಲ್ಲರೂ ಬಂದದ್ದು ಕಾರಿನಲ್ಲೇ. ಬೀದಿಯ ಎರಡೂ ಬಾಯಿ ಕಟ್ಟಿಹೋಯಿತು. ಒಳಗೆ ಬರಲಾಗದವರು ಹೊರಗೆ ಕಾರಿನಲ್ಲೇ ಕೂತರು, ಎಂಜಿನ್ ಓಡುತ್ತಲೇ ಇತ್ತು. ದೇಹವನ್ನು ಸಾಗಿಸುವ ವ್ಯಾನು ಒಂದು ಹೆಜ್ಜೆಯೂ ಮುಂದೆ ಬರಲಾಗದೆ ತುದಿಯಲ್ಲೇ ನಿಂತಿತು.

ಕ್ಲಚ್ ಅಕ್ಕ ಬರಿಗಾಲಲ್ಲಿ ಹೊರಗೆ ಬಂದಳು. ಮೊದಲ ಕಾರಿನ ಕಿಟಕಿ ತಟ್ಟಿದಳು.

"ಆಫ್ ಮಾಡಮ್ಮ."

"ಅಕ್ಕ, ಏನಕ್ಕ..."

"ಎಂಜಿನ್ ಆಫ್ ಮಾಡು. ಕೈಮುಗೀತೀನಿ, ಅವರು ಹೋಗೋ ತನಕ ಆಫ್ ಮಾಡಿಡು."

ಎರಡನೆಯದು, ಮೂರನೆಯದು, ಹೀಗೆ ಒಂದೊಂದೇ ಕಿಟಕಿ ತಟ್ಟುತ್ತಾ ಬೀದಿಯ ತುದಿಯವರೆಗೆ ಹೋದಳು. ಅವಳ ಹಿಂದೆ ಎಂಜಿನ್‌ಗಳ ಸದ್ದು ನಿಲ್ಲುತ್ತಾ ಬಂತು. ಬೀದಿ ತಣ್ಣಗಾಯಿತು. ಎಲ್ಲೋ ಒಂದು ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿತು, ಮಗುವೊಂದು ಸೀನಿದ್ದು ಕೇಳಿತು. ಅವಳ ಶಿಷ್ಯೆಯರೇ ಇಳಿದು, ದೇಹ ಹೊತ್ತವರಿಗೆ ಹೆಗಲು ಕೊಟ್ಟು, ಕಾರುಗಳ ನಡುವಿನ ಸಂದಿಯಲ್ಲಿ ಅವನನ್ನು ವ್ಯಾನಿನವರೆಗೆ ಒಯ್ದರು. ಆಮೇಲೆ ಒಂದೊಂದೇ ಎಂಜಿನ್ ಮತ್ತೆ ಶುರುವಾಯಿತು. ಗಾಡಿ ಓಡಿಸದೆ ಮನೆಗೆ ಹೋಗುವುದು ಹೇಗೆ?

ಅವಳು ಪಾಠ ಬಿಟ್ಟಳು. ದುಃಖ ತಣಿದ ಮೇಲೆ ಸರಿಹೋಗುತ್ತಾಳೆಂದು ಜನ ಅಂದುಕೊಂಡರು. ಕಲಿಯಲು ಬಂದವರನ್ನು ಬಾಗಿಲಲ್ಲೇ ತಡೆದು, "ನೀನು ಹೋಗೋ ಕಡೆ ಬಸ್ಸು ಹೋಗಲ್ವಾ?" ಎಂದು ಕೇಳುತ್ತಿದ್ದಳು. ಕೆಲವರು ನಕ್ಕರು, ಕೆಲವರು ಮುನಿಸಿಕೊಂಡರು, ಎಲ್ಲರೂ ಮುಂದಿನ ಬೀದಿಯ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ ಹೋದರು. ಕಾರುಗಳೇನೂ ಕಡಿಮೆಯಾಗಲಿಲ್ಲ.

ಮಳೆ ಹಿಡಿದ ಒಂದು ಮಧ್ಯಾಹ್ನ ಒಬ್ಬ ತಾಯಿ ಬಂದಳು. ಸೊಂಟದ ಮೇಲೆ ಹತ್ತು ವರ್ಷದ ಮಗಳು, ಕಾಲಲ್ಲಿ ಬಲವಿಲ್ಲದವಳು. ವಾರಕ್ಕೆರಡು ಸಲ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಂತೆ.

"ಬಸ್ಸು ಹೋಗಲ್ವಾ?" ಎಂದು ಕೇಳಿದಳು ಕ್ಲಚ್ ಅಕ್ಕ.

"ಹೋಗುತ್ತೆ ಅಕ್ಕ. ಇವಳನ್ನ ಹತ್ತಿಸೋವರೆಗೂ ನಿಲ್ಲಲ್ಲ."

ಅವಳು ಆ ಮಗುವನ್ನು ನೋಡಿದಳು. ಗಂಡನಿದ್ದಿದ್ದರೆ ಏನನ್ನುತ್ತಿದ್ದನೆಂದು ಯೋಚಿಸಿದಳು, ಅವನ ದನಿ ಕೇಳಿಸಲಿಲ್ಲ. ಎದ್ದು, ಕಾರಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಸರಿಸಿ, ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳದೆ, ಸ್ಟಿಯರಿಂಗ್ ಮುಂದೆ ಕೂತ ತಾಯಿಯ ಪಕ್ಕದಲ್ಲಿ ಬಂದು ಕೂತು, "ಹೂಂ, ನಿಧಾನಕ್ಕೆ ಕ್ಲಚ್ಚು ಬಿಡು" ಎಂದಳು.